ಹಳೆಯ ಯಂತ್ರಕ್ಕೆ ಮರಣಪತ್ರ ಬರೆಯುವವರು ಯಾರು?

(ನಮ್ಮ ಊರಿನ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಸಾಧಾರಣವಾಗಿ ಕೂಲಿ, ಬೆಲೆಯೇರಿಕೆ, ನಲ್ಲಿನೀರು ಇಂಥ ವಿಷಯಗಳು ಚರ್ಚೆಗೆ ಬರುತ್ತವೆ. ಇಂದು ಕಂಪ್ಯೂಟರಿನ ಪ್ರೊಸೆಸರಿನ ಮಾತನ್ನೆತ್ತಿಕೊಂಡು ನಾವು ನಿಂತಿರುವುದನ್ನು ಕಂಡು ಕೆಲವರಿಗೆ ನಗು ಬಂದಿರಬಹುದು. ಆದರೆ ಈ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬಂತು.

ಕೋರ್ಟು ರಸ್ತೆಯಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಮಿತ್ರರೊಬ್ಬರು ಒಂದು ಸಂಜೆ ಕೈಯಲ್ಲಿ ಒಂದು ಕೊಟೇಶನ್ ಹಿಡಿದುಕೊಂಡು ಬಂದರು. ಹೊಸ ಕಂಪ್ಯೂಟರಿಗೆ ಐವತ್ತೆಂಟು ಸಾವಿರ ರೂಪಾಯಿ. ಅವರ ಈಗಿನ ಯಂತ್ರ ೨೦೧೫ರಲ್ಲಿ ಕೊಂಡದ್ದು. ಇಂಟೆಲ್ ಕಂಪನಿಯ ನಾಲ್ಕನೆಯ ತಲೆಮಾರಿನ ಐ-ತ್ರೀ ಪ್ರೊಸೆಸರು, ನಾಲ್ಕು ಜಿಬಿ ಮೆಮೊರಿ. ಬೆಳಿಗ್ಗೆ ಸ್ವಿಚ್ಚು ಹಾಕಿ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜುತ್ತಿರುತ್ತದೆ ಎಂದು ಅವರೇ ಹೇಳಿದರು. ಜೊತೆಗೆ, ಈ ಕಂಪ್ಯೂಟರು ವಿಂಡೋಸ್ ಹನ್ನೊಂದಕ್ಕೆ ಅರ್ಹವಲ್ಲ ಎಂಬ ನೋಟೀಸು ಪರದೆಯ ಮೇಲೆ ಮತ್ತೆ ಮತ್ತೆ ಬರುತ್ತಿದೆ. ಅಂಗಡಿಯವನು "ಪ್ರೊಸೆಸರ್ ಹಳೇದಾಯ್ತು ಸಾರ್, ಇನ್ನು ಇದಕ್ಕೆ ಒಂದು ರೂಪಾಯಿ ಹಾಕಿದರೂ ದಂಡ" ಎಂದು ಹೇಳಿ ಕಳುಹಿಸಿದ್ದಾನೆ. ಮನೆಯಾಕೆಯ ಎರಡು ಬಳೆಗಳನ್ನು ಸೊಸೈಟಿಯಲ್ಲಿ ಒತ್ತೆಯಿಡುವುದೆಂದು ಮನೆಯಲ್ಲಿ ಮಾತಾಗಿದೆ. ಇಡಬಹುದೆ, ಬೇಡವೆ? ಇದು ಅವರು ನಮಗೆ ಕೇಳಿದ ಪ್ರಶ್ನೆ.

ಇದಕ್ಕೆ ಉತ್ತರ ಹೇಳುವ ಮುಂಚೆ ಪ್ರೊಸೆಸರು ಮಾಡುವ ಕೆಲಸವೇನು ಎಂಬುದನ್ನು ನೋಡಬೇಕಾಗುತ್ತದೆ. ಅದು ಮಹಾ ವಿದ್ಯೆಯೇನಲ್ಲ. ಮೆಮೊರಿಯಿಂದ ಒಂದು ಅಪ್ಪಣೆಯನ್ನು ತಂದುಕೊಳ್ಳುತ್ತದೆ, ಹೇಳಿದಂತೆ ಕೂಡುತ್ತದೆ ಅಥವಾ ಹೋಲಿಸಿ ನೋಡುತ್ತದೆ, ಫಲವನ್ನು ಹಿಂದಕ್ಕಿಡುತ್ತದೆ, ಮುಂದಿನ ಅಪ್ಪಣೆಗೆ ಹೋಗುತ್ತದೆ. ಒಂದು ಗಡಿಯಾರದ ಬಡಿತಕ್ಕೆ ಸರಿಯಾಗಿ ಇದೆಲ್ಲ ನಡೆಯುತ್ತದೆ. ಮೂರು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಮುನ್ನೂರು ಕೋಟಿ ಬಡಿತ. ನಮ್ಮ ಟೈಪಿಸ್ಟ್ ಮಿತ್ರರ ಯಂತ್ರದ ಬಡಿತ ಇದಕ್ಕಿಂತ ಹೆಚ್ಚೇ ಇದೆ. ಇನ್ನು ಲೆಕ್ಕ ಹಾಕಿರಿ: ಅವರು ಎಷ್ಟೇ ಚುರುಕಾಗಿ ಬೆರಳಾಡಿಸಿದರೂ ಸೆಕೆಂಡಿಗೆ ಐದು ಅಕ್ಷರದ ಕೀಲಿಗಳನ್ನು ಒತ್ತಬಹುದು. ಒಂದು ಕೀಲಿಗೂ ಇನ್ನೊಂದು ಕೀಲಿಗೂ ನಡುವೆ ಆ ಪ್ರೊಸೆಸರಿಗೆ ಅರುವತ್ತು ಕೋಟಿ ಬಡಿತಗಳ ಬಿಡುವು ಸಿಗುತ್ತದೆ. ಕರಾರುಪತ್ರ, ವಕಾಲತ್ತು, ಮದುವೆಯ ಕರೆಯೋಲೆ ಇಂಥವನ್ನು ಟೈಪು ಮಾಡುವ ಮಟ್ಟಿಗೆ ಈ ಯಂತ್ರ ಹತ್ತು ವರ್ಷದ ಹಿಂದೆಯೂ ಬಹುಮಟ್ಟಿಗೆ ಸುಮ್ಮನೆ ಕುಳಿತಿತ್ತು, ಈಗಲೂ ಸುಮ್ಮನೆ ಕುಳಿತಿದೆ.

ಹಾಗಾದರೆ ಹೊಸ ತಲೆಮಾರು, ಹೊಸ ತಲೆಮಾರು ಎಂದು ವರ್ಷವರ್ಷವೂ ಡಂಗುರ ಹೊಡೆಯುವುದು ಏತಕ್ಕೆ? ಈ ಡಂಗುರಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು ಎಂಬುದನ್ನು ನಾವು ಒಪ್ಪಬೇಕು. ೧೯೬೫ರಲ್ಲಿ ಗಾರ್ಡನ್ ಮೂರ್ ಎಂಬವರು ಒಂದು ಚಿಪ್ಪಿನ ಮೇಲೆ ಕೂಡಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೆ ಇಮ್ಮಡಿಯಾಗುತ್ತಿದೆ ಎಂದು ತೋರಿಸಿದರು; ೧೯೭೫ರಲ್ಲಿ ಅದನ್ನು ಎರಡು ವರ್ಷಕ್ಕೆ ಎಂದು ತಿದ್ದಿಕೊಂಡರು. ಅವರು ಹೇಳಿದ್ದು ಸಂಖ್ಯೆಯ ಮಾತು. ವೇಗದ ಮಾತೆಂದು ಅದನ್ನು ಪ್ರಚಾರ ಮಾಡಿದ್ದು ಮಾರುವವರು. ಆದರೂ ಬಹಳ ಕಾಲ ಸಂಖ್ಯೆಯ ಜೊತೆಗೆ ವೇಗವೂ ಏರಿತು. ೧೯೭೧ರ ಇಂಟೆಲ್ ೪೦೦೪ ಎಂಬ ಚಿಪ್ಪಿನಲ್ಲಿ ಇದ್ದದ್ದು ಸುಮಾರು ೨,೩೦೦ ಟ್ರಾನ್ಸಿಸ್ಟರುಗಳು. ೧೯೭೮ರಲ್ಲಿ ಬಂದ ೮೦೮೬ ಚಿಪ್ಪಿನ ಬಡಿತ ೫ ಮೆಗಾಹರ್ಟ್ಸ್. ೨೦೦೪ರ ಹೊತ್ತಿಗೆ ಪೆಂಟಿಯಮ್ ನಾಲ್ಕರ ಬಡಿತ ೩,೮೦೦ ಮೆಗಾಹರ್ಟ್ಸಿಗೆ ಮುಟ್ಟಿತ್ತು. ಇಪ್ಪತ್ತಾರು ವರ್ಷದಲ್ಲಿ ೭೬೦ ಪಟ್ಟು! ಆ ದಿನಗಳಲ್ಲಿ ಮೂರು ವರ್ಷದ ಹಳೆಯ ಯಂತ್ರ ನಿಜವಾಗಿಯೂ ಮುದಿಯಾಗುತ್ತಿತ್ತು.

ಅಲ್ಲಿಗೆ ಶಾಖ ಅಡ್ಡ ಬಂತು. ಬಡಿತ ಏರಿಸಿದರೆ ಚಿಪ್ಪು ಸುಡತೊಡಗಿತು. ನಾಲ್ಕು ಗಿಗಾಹರ್ಟ್ಸಿನ ಪೆಂಟಿಯಮ್ ಮಾಡುವ ಯೋಜನೆಯನ್ನು ಇಂಟೆಲ್ ೨೦೦೪ರಲ್ಲೇ ಕೈಬಿಟ್ಟಿತು. ಅಂದಿನಿಂದ ಇಪ್ಪತ್ತು ವರ್ಷ ಕಳೆದು ೨೦೨೪ರಲ್ಲಿ ಬಂದ ಅತ್ಯಂತ ದುಬಾರಿಯ ಚಿಪ್ಪುಗಳ ಬಡಿತ ಆರು ಗಿಗಾಹರ್ಟ್ಸಿನ ಆಸುಪಾಸು. ಮೊದಲ ಇಪ್ಪತ್ತಾರು ವರ್ಷದಲ್ಲಿ ಏಳುನೂರು ಪಟ್ಟು, ಆಮೇಲಿನ ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟೂ ಇಲ್ಲ. ಡಂಗುರದ ಸದ್ದು ಮಾತ್ರ ಕಡಿಮೆಯಾಗಲಿಲ್ಲ.

ಬಡಿತ ನಿಂತ ಮೇಲೆ ಕಂಪನಿಗಳು ಒಂದು ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ತಿರುಳುಗಳನ್ನು ಇಡತೊಡಗಿದವು. ಇವಕ್ಕೇ ಕೋರ್ ಎನ್ನುವುದು. ಪ್ರತಿ ಬಡಿತದಲ್ಲಿ ಆಗುವ ಕೆಲಸವನ್ನೂ ಹೆಚ್ಚಿಸಿದರು, ಅದು ಸುಳ್ಳಲ್ಲ. ಆದರೆ ಕೋರುಗಳ ಲೆಕ್ಕದಲ್ಲಿ ಒಂದು ತೊಡಕಿದೆ, ಅದನ್ನು ೧೯೬೭ರಲ್ಲೇ ಜೀನ್ ಆಮ್ಡಾಲ್ ಎಂಬ ತಜ್ಞರು ತೋರಿಸಿಕೊಟ್ಟರು. ಗದ್ದೆಯ ಕಳೆ ಕೀಳಲು ಹತ್ತು ಆಳು ಬಂದರೆ ಹತ್ತು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ. ಒಂದು ಗಡಿಗೆ ಅನ್ನ ಬೇಯಿಸಲು ಹತ್ತು ಜನ ಒಲೆಯ ಸುತ್ತ ಕುಳಿತರೆ ಅನ್ನ ಬೇಗ ಬೇಯುವುದಿಲ್ಲ. ಸಿನಿಮಾ ಸಂಕಲನ, ದೊಡ್ಡ ಲೆಕ್ಕಾಚಾರ ಇವು ಕಳೆ ಕೀಳುವ ಜಾತಿಯ ಕೆಲಸ. ಟೈಪು ಮಾಡುವುದು, ಒಂದು ಅರ್ಜಿ ತುಂಬುವುದು, ಇವು ಅನ್ನದ ಗಡಿಗೆಯ ಜಾತಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇವೆ, ನಮ್ಮ ವಾದಕ್ಕೆ ಅನುಕೂಲವಿರಲಿ ಬಿಡಲಿ. ಸುಮಾರು ೨೦೦೯ರಿಂದ ೨೦೧೭ರವರೆಗೆ ಸಾಧಾರಣ ಮೇಜಿನ ಕಂಪ್ಯೂಟರುಗಳಲ್ಲಿ ಇಂಟೆಲ್ ಕಂಪನಿ ನಾಲ್ಕು ಕೋರಿಗಿಂತ ಮೇಲಕ್ಕೆ ಹೋಗಲೇ ಇಲ್ಲ. ೨೦೧೭ರಲ್ಲಿ ಎಎಂಡಿ ಎಂಬ ಎದುರಾಳಿ ರೈಜನ್ ಎಂಬ ಚಿಪ್ಪಿನಲ್ಲಿ ಎಂಟು ಕೋರುಗಳನ್ನು ಕೊಟ್ಟಿತು. ಅದೇ ವರ್ಷ ಇಂಟೆಲಿನವರೂ ಆರಕ್ಕೆ ಏರಿದರು. ಅವರ ಎಂಟನೆಯ ತಲೆಮಾರಿನಲ್ಲಿ ಮೇಜಿನ ಐ-ತ್ರೀ ಎರಡರಿಂದ ನಾಲ್ಕಕ್ಕೆ ಬಂತು, ತೆಳು ಲ್ಯಾಪ್‌ಟಾಪುಗಳ ಐ-ಫೈವ್ ಕೂಡ ಎರಡರಿಂದ ನಾಲ್ಕಕ್ಕೆ ಬಂತು. ಇದು ನಿಜವಾದ ಜಿಗಿತ. ಎದುರಾಳಿಯಿಲ್ಲದ ಎಂಟು ವರ್ಷ, ಗಿರಾಕಿಗೆ ಕೊಡಬಹುದಾಗಿದ್ದದ್ದನ್ನು ಕೊಡದೆ, ವರ್ಷವರ್ಷವೂ ಪೆಟ್ಟಿಗೆಯ ಮೇಲಿನ ಹೆಸರನ್ನು ಮಾತ್ರ ಹೊಸದು ಮಾಡಿದ್ದನ್ನು ನಾವು ಮರೆಯತಕ್ಕದ್ದಲ್ಲ.

ಈಗ ಟೈಪಿಸ್ಟ್ ಮಿತ್ರರ ಯಂತ್ರಕ್ಕೆ ಬರೋಣ. ನಮ್ಮಲ್ಲಿ ಇಬ್ಬರು ಹುಡುಗರು ಈ ಕೆಲಸ ಬಲ್ಲವರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನಲ್ಲಿ ಒಂದು ಪಟ್ಟಿ ತೆರೆಯುತ್ತದೆ. ಯಾವ ಅಂಗ ಎಷ್ಟು ದುಡಿಯುತ್ತಿದೆ ಎಂದು ಅದು ತೋರಿಸುತ್ತದೆ. ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು, ಕಾಸು ಕೊಡಬೇಕಾಗಿಲ್ಲ. ಅಲ್ಲಿ ಕಂಡದ್ದು ಇದು: ಪ್ರೊಸೆಸರಿನ ದುಡಿಮೆ ನೂರಕ್ಕೆ ಹತ್ತು ಹನ್ನೆರಡು, ಮೆಮೊರಿ ಬಹುತೇಕ ತುಂಬಿದೆ, ಹಾರ್ಡ್ ಡಿಸ್ಕಿನ ದುಡಿಮೆ ನೂರಕ್ಕೆ ನೂರು.

ಹಾರ್ಡ್ ಡಿಸ್ಕ್ ಎಂಬುದು ಗ್ರಾಮೋಫೋನಿನ ತಟ್ಟೆಯಂತೆ ತಿರುಗುವ ತಟ್ಟೆ. ಬೇಕಾದ ಕಡತ ಇರುವ ಜಾಗಕ್ಕೆ ಒಂದು ತೋಳು ಓಡಾಡಬೇಕು. ಒಂದು ಸಲ ಓಡಾಡಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು. ಅಷ್ಟು ಹೊತ್ತಿನಲ್ಲಿ ಪ್ರೊಸೆಸರು ಮೂರು ಕೋಟಿ ಬಡಿತಗಳನ್ನು ಕಳೆದುಕೊಂಡು ಕಾಯುತ್ತದೆ. ಮೆಮೊರಿ ಸಾಲದಾದಾಗ ಅದರಲ್ಲಿ ಹಿಡಿಸದ್ದನ್ನೂ ಈ ತಟ್ಟೆಯ ಮೇಲೆಯೇ ಬರೆದು ಅಳಿಸಿ ಮಾಡಬೇಕಾಗುತ್ತದೆ. ಇಂಥಲ್ಲಿ ಪ್ರೊಸೆಸರು ಹಳೆಯದಾಯಿತೆಂದು ಹೇಳುವುದು, ಗೋದಾಮಿನಿಂದ ಮೂಟೆ ಬಾರದೆ ಅಕ್ಕಿ ಗಿರಣಿ ನಿಂತಿರುವಾಗ ಗಿರಣಿಯನ್ನೇ ಬದಲಾಯಿಸಿರಿ ಎಂದಂತೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಹದಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಕಡತ ಹುಡುಕುವುದು ನೂರು ಪಟ್ಟು ಬೇಗ. ಆ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿ, ಮೆಮೊರಿಯನ್ನು ಎಂಟು ಜಿಬಿ ಮಾಡಿ, ಒಳಗಿನ ಧೂಳನ್ನು ಕುಂಚದಿಂದ ತೆಗೆದು, ಫ್ಯಾನಿಗೆ ಸಿಕ್ಕಿಕೊಂಡಿದ್ದ ಜೇಡರ ಬಲೆಯನ್ನೂ ಬಿಡಿಸಿದರು. ಖರ್ಚು ಎಲ್ಲ ಸೇರಿ ನಾಲ್ಕು ಸಾವಿರದೊಳಗೆ. ಈಗ ಕಾಫಿಗೆ ಹೊರಟರೆ ಮೆಟ್ಟಲು ಇಳಿಯುವುದರೊಳಗೆ ಯಂತ್ರ ಸಿದ್ಧ. ಅದೇ ಐ-ತ್ರೀ ಪ್ರೊಸೆಸರು!

ಮೆಮೊರಿಯ ಬೆಲೆಯ ಬಗ್ಗೆ ಒಂದು ಮಾತು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಅದು ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಭಾರಿ ಕೇಂದ್ರಗಳು ತಯಾರಾದ ಮೆಮೊರಿಯನ್ನು ಸಗಟಾಗಿ ಎತ್ತಿಕೊಂಡು ಹೋಗುತ್ತಿರುವುದೇ ಅದಕ್ಕೆ ಕಾರಣ. ದೂರದ ದೇಶದ ಶ್ರೀಮಂತ ಕಂಪನಿಗಳ ಹಸಿವಿನ ಸುಂಕವನ್ನು ಕೋರ್ಟು ರಸ್ತೆಯ ಟೈಪಿಸ್ಟು ಕಟ್ಟಬೇಕಾಗಿ ಬಂದಿದೆ. ನಮ್ಮವರು ಆ ಹಳೆಯ ಬಗೆಯ ಮೆಮೊರಿಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದರಿಂದ ಬಚಾವಾದರು.

ನಿಧಾನಕ್ಕೆ ಮದ್ದು ಸಿಕ್ಕಿತು. ಆದರೆ ಪರದೆಯ ಮೇಲಿನ ನೋಟೀಸಿಗೆ ಮದ್ದೇನು? ನಮ್ಮ ಭಾಷಣದ ತಿರುಳು ಇಲ್ಲಿದೆ. ಮೈಕ್ರೋಸಾಫ್ಟ್ ಕಂಪನಿ ೨೦೧೫ರಲ್ಲಿ ಹೊರಡಿಸಿದ ವಿಂಡೋಸ್ ಹತ್ತಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಬೆಂಬಲ ನಿಲ್ಲಿಸಿತು. ಬೆಂಬಲವೆಂದರೆ, ಕಳ್ಳರು ನುಗ್ಗುವ ಕಿಂಡಿಗಳು ಕಂಡಾಗ ಅವನ್ನು ಮುಚ್ಚುವ ತೇಪೆಗಳು. ೨೦೨೧ರಲ್ಲಿ ಬಂದ ವಿಂಡೋಸ್ ಹನ್ನೊಂದಕ್ಕೆ ಹೋಗಬೇಕಾದರೆ ಇಂಟೆಲಿನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರು ಇರಬೇಕು, ಟಿಪಿಎಂ ಎಂಬ ಭದ್ರತೆಯ ಭಾಗದ ಎರಡನೆಯ ಆವೃತ್ತಿಯೂ ಇರಬೇಕು. ಇಲ್ಲದವರು ಹೊರಗೆ. ಭದ್ರತೆಗಾಗಿ ಹೀಗೆ ಮಾಡಿದೆವು ಎಂಬುದು ಕಂಪನಿಯ ಸಮಾಧಾನ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ೨೦೧೮ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಿಗೆ ಬಂದಾಗ ಪ್ರೊಸೆಸರಿನ ಹೊಟ್ಟೆಯೊಳಗೇ ಕಿಂಡಿ ಇರಬಹುದೆಂದು ಜಗತ್ತಿಗೆ ತಿಳಿಯಿತು. ತೇಪೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಅಂಜಿಕೆ ಸಕಾರಣವೇ.

ಆದರೆ ಕೇಳಿರಿ. ಹಳೆಯ ವಿಂಡೋಸಿಗೆ ತೇಪೆ ಮಾಡುವುದು ನಿಂತಿದೆಯೆ? ನಿಂತಿಲ್ಲ. ಮನೆಬಳಕೆಯವರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ಒಂದು ವರ್ಷದ ವಾಯಿದೆ ಎಂದು ಕಂಪನಿಯೇ ಸಾರಿತು. ಮೂವತ್ತು ಡಾಲರ್ ಕೊಡಿ, ಇಲ್ಲವೆ ನಿಮ್ಮ ಯಂತ್ರದ ಸಂಯೋಜನೆಗಳನ್ನು ನಮ್ಮಲ್ಲಿರುವ ನಿಮ್ಮ ಖಾತೆಗೆ ಸೇರಿಸಿ ಎಂಬುದು ಅದರ ಷರತ್ತು. ದೊಡ್ಡ ಸಂಸ್ಥೆಗಳಿಗಾದರೆ, ವರ್ಷವರ್ಷಕ್ಕೆ ಇಮ್ಮಡಿಯಾಗುವ ದರದಲ್ಲಿ, ೨೦೨೮ರವರೆಗೆ. ಅಂದರೆ ಔಷಧಿ ತಯಾರಾಗುತ್ತಲೇ ಇದೆ, ಸೀಸೆಗೆ ತುಂಬುತ್ತಲೂ ಇದ್ದಾರೆ. ಕಾಸಿದ್ದವನಿಗೆ ಮೂರು ವರ್ಷ, ಇಲ್ಲದವನಿಗೆ ಒಂದು ವರ್ಷ, ಆಮೇಲೆ ಹೊಸ ಯಂತ್ರ ಕೊಂಡುಕೋ ಎಂಬ ಹಿತವಚನ. ಹೀಗೆ ನೋಡಿದರೆ ಆ ಐ-ತ್ರೀ ಪ್ರೊಸೆಸರು ಸತ್ತಿಲ್ಲ. ಅದಕ್ಕೆ ಮರಣಪತ್ರ ಬರೆಯಲಾಗಿದೆ.

ಇದು ಹೊಸ ಉಪಾಯವಲ್ಲ. ೧೯೨೪ರಲ್ಲಿ ಜಿನೀವಾದಲ್ಲಿ ಯೂರೋಪು ಅಮೆರಿಕಗಳ ವಿದ್ಯುದ್ದೀಪದ ಕಂಪನಿಗಳು ಫೀಬಸ್ ಎಂಬ ಹೆಸರಿನ ಕೂಟ ಕಟ್ಟಿಕೊಂಡು, ಬಲ್ಬು ಸಾವಿರ ಗಂಟೆಗಿಂತ ಹೆಚ್ಚು ಉರಿಯಕೂಡದು ಎಂದು ಒಪ್ಪಂದ ಮಾಡಿಕೊಂಡವು. ಅದಕ್ಕಿಂತ ಬಹಳ ಹೆಚ್ಚು ಉರಿಯುವ ಬಲ್ಬು ಮಾಡಿದ ಕಾರ್ಖಾನೆ ದಂಡ ತೆರಬೇಕಿತ್ತು! ಆ ಬಲ್ಬಾದರೂ ನಿಜವಾಗಿ ಉರಿದು ಹೋಗುತ್ತಿತ್ತು. ಪ್ರೊಸೆಸರು ಸವೆಯುವುದೇ ಅಪರೂಪ. ಅದರ ಸುತ್ತಲಿನ ಡಿಸ್ಕು, ಫ್ಯಾನು, ಬ್ಯಾಟರಿ ಮೊದಲು ಹೋಗುತ್ತವೆ, ಅವೆಲ್ಲ ಬದಲಿಸತಕ್ಕಂಥವು. ಇನ್ನು ತಂತ್ರಾಂಶ ಬರೆಯುವವರ ದುಂದು. ಪಾಸ್ಕಲ್ ಭಾಷೆಯನ್ನು ರಚಿಸಿದ ಸ್ವಿಸ್ ವಿಜ್ಞಾನಿ ನಿಕ್ಲಾಸ್ ವಿರ್ತ್ ೧೯೯೫ರಲ್ಲೇ, ಯಂತ್ರ ಚುರುಕಾಗುವುದಕ್ಕಿಂತ ಬೇಗನೆ ತಂತ್ರಾಂಶ ಮಂದವಾಗುತ್ತಿದೆ ಎಂದು ಬರೆದು ಎಚ್ಚರಿಸಿದ್ದರು. ನಾಲ್ಕು ಸಾಲಿನ ಸುದ್ದಿ ಓದಲು ನಲವತ್ತು ಜಾಹೀರಾತುಗಳನ್ನು ಹೊತ್ತು ತರುವ ಇಂದಿನ ಪುಟಗಳನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಡ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾವು ಹಾಡುತ್ತಿಲ್ಲ. ನಮ್ಮದೇ ಕಚೇರಿಯಲ್ಲಿ ಕೋರ್ ಟೂ ಡುವೋ ಕಾಲದ, ಎರಡು ಜಿಬಿ ಮೆಮೊರಿಯ ಒಂದು ಪೆಟ್ಟಿಗೆಯನ್ನು ಹಠದಿಂದ ಇಟ್ಟುಕೊಂಡಿದ್ದೆವು. ಇಂದಿನ ಯೂಟ್ಯೂಬ್ ಚಿತ್ರಗಳ ಕಟ್ಟುಗಳನ್ನು ಬಿಚ್ಚುವ ಏರ್ಪಾಡು ಅಂಥ ಕಾಲದ ಚಿಪ್ಪುಗಳಲ್ಲಿಲ್ಲ. ಎಲ್ಲವನ್ನೂ ಬರಿ ಲೆಕ್ಕದಿಂದಲೇ ಮಾಡಬೇಕಾಗಿ ಅದು ಕಾದ ಹಂಚಿನಂತಾಗುತ್ತಿತ್ತು. ಕೊನೆಗೆ ಬಿಟ್ಟೆವು. ಹಠದಲ್ಲಿ ಮೂರು ವರ್ಷ ನಮ್ಮ ಹುಡುಗರ ಹೊತ್ತನ್ನು ವ್ಯರ್ಥ ಮಾಡಿದೆವೆಂಬುದನ್ನೂ ಒಪ್ಪಿಕೊಳ್ಳುತ್ತೇವೆ. ಚಿತ್ರ ಸಂಕಲನವನ್ನೇ ಕಸುಬು ಮಾಡಿಕೊಂಡವರು, ಎಂಜಿನಿಯರಿಂಗಿನ ನಕ್ಷೆ ರಚಿಸುವ ವಿದ್ಯಾರ್ಥಿಗಳು ಹೊಸ ಪ್ರೊಸೆಸರಿಗೆ ಹಣ ಹಾಕಿದರೆ ದುಂದಲ್ಲ, ಅದು ಅವರ ನೇಗಿಲು. ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ ಓದುವ ಹುಡುಗಿಗೆ ದಿನವಿಡೀ ಬ್ಯಾಟರಿ ನಿಲ್ಲುವ ಲ್ಯಾಪ್‌ಟಾಪು ಬೇಕು. ಅದನ್ನು ಕೊಡುವುದರಲ್ಲಿ ಹೊಸ ಚಿಪ್ಪುಗಳು ಹಳೆಯವಕ್ಕಿಂತ ಖಂಡಿತ ಮೇಲು.

ಕೊಳ್ಳುವವರು "ಹೊಸದು" ಎಂಬ ಮಾತಿಗೂ ಮರುಳಾಗಬಾರದು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಹೊಸ ಸೆಲೆರಾನ್ ಲ್ಯಾಪ್‌ಟಾಪಿಗಿಂತ ಹತ್ತು ವರ್ಷದ ಹಿಂದಿನ ಮೇಜಿನ ಐ-ಫೈವ್ ಚುರುಕಾಗಿರುವುದುಂಟು. ಎಐ ಪಿಸಿ ಎಂಬ ಹೊಸ ಬಾವುಟವನ್ನೂ ೨೦೨೪ರಿಂದ ಹಾರಿಸುತ್ತಿದ್ದಾರೆ. ಕೃತಕ ಬುದ್ಧಿಮತ್ತೆಗೆಂದೇ ಚಿಪ್ಪಿನಲ್ಲಿ ಒಂದು ಭಾಗ ಮೀಸಲು. ನಮ್ಮ ಜನ ಮೊಬೈಲಿನಲ್ಲಿ ಈ ಬುದ್ಧಿಮತ್ತೆಯನ್ನು ಕೇಳುವ ಪ್ರಶ್ನೆಗಳಿಗೆ ಉತ್ತರ ಬರುವುದು ಬಹುಮಟ್ಟಿಗೆ ದೂರದ ಕೇಂದ್ರಗಳಿಂದ. ಅದಕ್ಕಾಗಿ ಮನೆಯ ಯಂತ್ರವನ್ನು ಬದಲಿಸಬೇಕಾದ ಅವಸರವಿಲ್ಲ.

ವಿದ್ಯುತ್ ಉಳಿಯುತ್ತದೆಂದು ಅಂಗಡಿಯವನು ಹೇಳಿದ್ದನಂತೆ. ಹೊಸದಕ್ಕೆ ೬೦ ವಾಟ್ ಕಡಿಮೆ ಸಾಕೆಂದು ಉದಾರವಾಗಿಯೇ ಹಿಡಿಯೋಣ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ಎಂದರೆ ೧೪೪ ಯೂನಿಟ್ಟು. ಯೂನಿಟ್ಟಿಗೆ ೮ ರೂಪಾಯಿಯಂತೆ ೧,೧೫೨ ರೂಪಾಯಿ. ಐವತ್ತೆಂಟು ಸಾವಿರ ಹುಟ್ಟಬೇಕಾದರೆ ಐವತ್ತು ವರ್ಷ. ಬಳೆಯ ಮೇಲಿನ ಬಡ್ಡಿಯನ್ನು ಈ ಲೆಕ್ಕಕ್ಕೆ ನಾವು ಸೇರಿಸಿಲ್ಲ.

ಒತ್ತೆಯಿಡದವರು ಇನ್ನೊಂದು ದಾರಿ ಹಿಡಿಯಬಹುದು: ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಅದರಲ್ಲಿ ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ಹಳೆಯ ಪ್ರೊಸೆಸರುಗಳಿಗೆ ತೇಪೆಗಳು ದೊರೆಯುತ್ತಿವೆ. ನೆರೆಯ ಕೇರಳದ ಸರಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಅದರಲ್ಲೇ ಪಾಠ ಹೇಳುತ್ತಿವೆ. ಕನ್ನಡದ ಕೀಲಿಮಣೆಯೂ ಅದರಲ್ಲಿದೆ. ಆದರೆ ನಮ್ಮ ಟೈಪಿಸ್ಟ್ ಮಿತ್ರರಿಗೆ ಅದು ಸುಲಭವಾಗಲಿಲ್ಲ. ಇಪ್ಪತ್ತು ವರ್ಷದ ಕಡತಗಳು ನುಡಿಯ ಹಳೆಯ ಅಕ್ಷರಶೈಲಿಯಲ್ಲಿವೆ. ಯೂನಿಕೋಡಿಗೆ ಮಾರ್ಪಡಿಸದಿದ್ದರೆ ಬೇರೆ ಕಡೆ ಅವು ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ಮುದ್ರಣಾಲಯದವರು ಇಂದಿಗೂ ಪೇಜ್‌ಮೇಕರ್ ಕಡತ ಕೊಡಿ ಎನ್ನುತ್ತಾರೆ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ! ಹೊಸ ಯಂತ್ರ ಕೊಂಡರೂ ಈ ಗಂಟು ಬಿಚ್ಚುವುದಿಲ್ಲ, ಇನ್ನೂ ಬಿಗಿಯುತ್ತದೆ. ಕಡೆಗೆ ಅವರು ಆ ಒಂದು ವರ್ಷದ ವಾಯಿದೆಗೆ ಹೆಸರು ಬರೆಸಿದರು. ಅಂಗಡಿಯ ಇನ್ನೊಂದು ಮೂಲೆಯಲ್ಲಿದ್ದ ಅದಕ್ಕೂ ಹಳೆಯ ಪೆಟ್ಟಿಗೆಗೆ ಲಿನಕ್ಸ್ ಹಾಕಿಸಿ, ಆನ್‌ಲೈನ್ ಅರ್ಜಿ ತುಂಬಲು ಬರುವವರಿಗೆ ಬಿಟ್ಟಿದ್ದಾರೆ. ಕಡತಗಳನ್ನು ದಿನಕ್ಕೆ ಹತ್ತರಂತೆ ಯೂನಿಕೋಡಿಗೆ ತಿರುಗಿಸುತ್ತಿದ್ದಾರೆ.

ಬಿಸಾಡಿದ ಯಂತ್ರಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಹೇಳದೆ ಬಿಡಲಾಗದು. ೨೦೨೨ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೬೨೦ ಲಕ್ಷ ಟನ್ನು ಎಲೆಕ್ಟ್ರಾನಿಕ್ ಕಸ ಹುಟ್ಟಿತೆಂದೂ, ಅದರಲ್ಲಿ ಕಾಲುಭಾಗವೂ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆಯಿಲ್ಲವೆಂದೂ ವಿಶ್ವಸಂಸ್ಥೆಯ ವರದಿ ಹೇಳಿತು. ಉಳಿದದ್ದರಲ್ಲಿ ಒಂದು ಪಾಲು ಗುಜರಿಯವರ ಕೈಗೆ ಬರುತ್ತದೆ. ತಾಮ್ರಕ್ಕಾಗಿ ತಂತಿಯನ್ನು ಸುಡುವವರು, ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದುವವರು ನಮ್ಮ ದೇಶದ ಬಡವರೇ. ನಮ್ಮ ಸರಕಾರ ೨೦೨೨ರಲ್ಲಿ ಹೊಸ ನಿಯಮ ಮಾಡಿ ೨೦೨೩ರ ಏಪ್ರಿಲ್ ಒಂದರಿಂದ ಜಾರಿಗೆ ತಂದಿದೆ, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಒಳ್ಳೆಯದು. ಆದರೆ ಕೆಟ್ಟಿಲ್ಲದ ಯಂತ್ರವನ್ನು ಕಸವೆಂದು ಕರೆಯುವ ಅಧಿಕಾರ ಯಾರದೆಂದು ಆ ನಿಯಮ ಕೇಳುವುದಿಲ್ಲ. ಸರಕಾರಿ ಕಚೇರಿಗಳು ಹರಾಜಿಗಿಡುವ ಕಂಪ್ಯೂಟರುಗಳನ್ನು ಮೊದಲು ಶಾಲೆಗಳಿಗೂ ಗ್ರಂಥಾಲಯಗಳಿಗೂ ಕೊಡಬೇಕೆಂದೂ, ಯಂತ್ರ ದುಡಿಯುವಷ್ಟು ಕಾಲ ತೇಪೆ ಕೊಡುವ ಹೊಣೆಯನ್ನು ಕಂಪನಿಗಳ ಮೇಲೆ ಕಾನೂನಿನಿಂದಲೇ ಹೊರಿಸಬೇಕೆಂದೂ ಈ ಸಭೆ ನಿರ್ಣಯ ಮಾಡಿದರೆ ನಾವು ಅನುಮೋದಿಸುತ್ತೇವೆ.

ಸಭೆಗೆ ಬರುವಾಗ ಒಬ್ಬ ತಾಯಿ, ಬಿಕಾಂ ಸೇರಿದ ಮಗಳಿಗೆ ಐ-ಸೆವೆನ್ನೇ ಬೇಕಂತಲ್ಲ ಎಂದು ಕೇಳಿದರು. ಬೇಡಮ್ಮ. ಎಂಟನೆಯ ತಲೆಮಾರಿನದೋ ಅದರ ಮೇಲಿನದೋ, ಬಳಸಿದ ಐ-ಫೈವ್ ಲ್ಯಾಪ್‌ಟಾಪು, ಎಂಟು ಜಿಬಿ ಮೆಮೊರಿ, ಎಸ್‌ಎಸ್‌ಡಿ ಇದ್ದರೆ ಟ್ಯಾಲಿಗೂ ಎಕ್ಸೆಲಿಗೂ ಪಾಠ ಕೇಳುವುದಕ್ಕೂ ಧಾರಾಳವಾಯಿತು. ಬ್ಯಾಟರಿಯನ್ನು ಮಾತ್ರ ಪರೀಕ್ಷೆ ಮಾಡಿಸಿ ಕೊಳ್ಳಿರಿ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಇದೇ ವಾಚನಾಲಯದಲ್ಲಿ ನಮ್ಮ ಹುಡುಗರಿಬ್ಬರು ಸ್ಕ್ರೂಡ್ರೈವರು ಹಿಡಿದು ಕುಳಿತಿರುತ್ತಾರೆ. ಹಳೆಯ ಯಂತ್ರವಿದ್ದವರು ತನ್ನಿರಿ. ಕೂಲಿ ಇಲ್ಲ, ಬಿಡಿಭಾಗದ ದುಡ್ಡು ನಿಮ್ಮದು. ಬೇಕಾದ ಕಡತಗಳನ್ನೂ ಫೋಟೋಗಳನ್ನೂ ಮೊದಲೇ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಬರಬೇಕು. ಹೋದ ಸಲ ಒಬ್ಬರ ಮಗಳ ನಾಮಕರಣದ ಫೋಟೋಗಳು ಅಳಿಸಿಹೋಗುವುದು ಕೂದಲೆಳೆಯಲ್ಲಿ ತಪ್ಪಿತು.